ಊದದ ಸೀಟಿ

ಈ ಪುಟದಲ್ಲಿ ಮನೆವಾರ್ತೆಯ ಸಂಗತಿಗಳನ್ನೂ ಮಕ್ಕಳ ನಡೆನುಡಿಗಳ ವಿಚಾರವನ್ನೂ ಪ್ರಸ್ತಾಪಿಸುವುದು ವಾಡಿಕೆಯಾಗಿರುವಲ್ಲಿ, ಈ ಸಲ ಕಾಲ್ಚೆಂಡಾಟದ ಮಾತನ್ನೆತ್ತಿರುವುದಕ್ಕಾಗಿ ವಾಚಕರು ಆಶ್ಚರ್ಯಪಡಬಾರದೆಂದು ಕೋರುತ್ತೇವೆ. ಆಟವು ಬಯಲಿನಲ್ಲಿ ನಡೆಯುವುದಾದರೂ ಅದರ ಜಗಳವು ಮನೆಯೊಳಕ್ಕೆ ಬರುತ್ತದೆ. ಗೋಲನ್ನು ಕಂಡು ಕುಣಿದ ಹುಡುಗನೂ, ಅನ್ಯಾಯವಾಯಿತೆಂದು ಊಟ ಬಿಟ್ಟು ಮಲಗಿದ ಹುಡುಗನೂ ನಮ್ಮ ನಮ್ಮ ಮನೆಗಳಲ್ಲಿಯೇ ಇರುವರು. ಅಂಥವನು “ರೆಫರಿ ಮೋಸಮಾಡಿದನೇ?” ಎಂದು ಕೇಳಿದರೆ ಹಿರಿಯರಾದ ನಾವು ಏನು ಹೇಳಬೇಕು? “ಆಟ ತಾನೆ, ಬಿಡು” ಎಂದುಬಿಡುವುದು ಸುಲಭ. ಆದರೆ ಆ ಉತ್ತರದಿಂದ ಯಾವ ಮಗುವಿನ ಮನಸ್ಸಾದರೂ ಸಮಾಧಾನಗೊಂಡುದನ್ನು ನಾವು ಇದುವರೆಗೆ ಕಂಡಿಲ್ಲ.

ಬೆಂಗಳೂರಿನ ನಮ್ಮ ಬೀದಿಯಲ್ಲಿ ಒಂದೇ ಕಾಂಪೌಂಡು ಗೋಡೆಯ ಅತ್ತಿತ್ತ ಎರಡು ಮನೆಗಳಿವೆ. ಒಂದರಲ್ಲಿರುವವರು ಮೈಸೂರು ಕಡೆಯ ಹಳೆಯ ಕುಟುಂಬದವರು. ಇನ್ನೊಂದರಲ್ಲಿರುವವರು ಉದ್ಯೋಗನಿಮಿತ್ತವಾಗಿ ಕೇರಳದ ತ್ರಿಶೂರಿನಿಂದ ಬಂದು ಇಲ್ಲಿಯೇ ನೆಲೆನಿಂತವರು. ಎರಡು ಮನೆಗಳಲ್ಲಿಯೂ ಒಂದೇ ವಯಸ್ಸಿನ ಇಬ್ಬರು ಹುಡುಗರುಂಟು. ಒಂದೇ ಶಾಲೆ, ಒಂದೇ ತರಗತಿ, ಒಂದೇ ಚೆಂಡು. ಇಬ್ಬರಿಗೂ ಭೇದವೆಂಬುದಿದ್ದರೆ ಅದು ಒಂದೇ ಒಂದು ವಿಷಯದಲ್ಲಿ: ಒಬ್ಬನು ಬೆಂಗಳೂರು ಎಫ್.ಸಿ. ತಂಡದ ನೀಲಿ ಅಂಗಿಯವನು. ಇನ್ನೊಬ್ಬನು ಕೇರಳ ಬ್ಲಾಸ್ಟರ್ಸ್ ತಂಡದ ಹಳದಿ ಅಂಗಿಯವನು.

೨೦೨೩ನೆಯ ಇಸವಿ ಮಾರ್ಚಿ ೩ನೆಯ ತಾರೀಖು ಶುಕ್ರವಾರ ರಾತ್ರಿ ಈ ಎರಡು ತಂಡಗಳಿಗೂ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯವಿದ್ದಿತು. ಇಂಡಿಯನ್ ಸೂಪರ್ ಲೀಗಿನ ಪಟ್ಟಿಯಲ್ಲಿ ಬೆಂಗಳೂರು ನಾಲ್ಕನೆಯ ಸ್ಥಾನದಲ್ಲಿಯೂ ಕೇರಳ ಐದನೆಯ ಸ್ಥಾನದಲ್ಲಿಯೂ ನಿಂತಿದ್ದುವು. ಗೆದ್ದವರಿಗೆ ಉಪಾಂತ್ಯ ಪಂದ್ಯ. ಸೋತವರಿಗೆ ಮನೆಯ ದಾರಿ. ಹುಡುಗರಿಬ್ಬರೂ ಕೇರಳದವರ ಮನೆಯ ಪಡಸಾಲೆಯಲ್ಲಿ ಟೀವಿಯ ಮುಂದೆ ಜೊತೆಯಾಗಿ ಕುಳಿತು ಆಟವನ್ನು ನೋಡಿದರು. ೯೦ ನಿಮಿಷಗಳವರೆಗೆ ಯಾರಿಗೂ ಗೋಲಿಲ್ಲ. ಹೆಚ್ಚುವರಿ ಅವಧಿ ಆರಂಭವಾಗಿ ಕೆಲವೇ ನಿಮಿಷಗಳಾಗಿರುವಾಗ ಕೇರಳದ ಗೋಲಿಗೆ ಸಮೀಪದಲ್ಲಿ ಬೆಂಗಳೂರಿಗೆ ಒಂದು ಫ್ರೀಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರನೂ ಆಟಗಾರರೂ ಗೋಡೆಯಂತೆ ಸಾಲುಗಟ್ಟಿ ನಿಲ್ಲುವ ಸಿದ್ಧತೆಯಲ್ಲಿರುವಾಗಲೇ ಸುನಿಲ್ ಛೇತ್ರಿಯು ರೆಫರಿಯ ಸೀಟಿಗಾಗಿ ಕಾಯದೆ ಚೆಂಡನ್ನು ಒದ್ದನು. ಅದು ಕಾಯುವವರಿಲ್ಲದ ಗೋಲಿನೊಳಕ್ಕೆ ಹೋಗಿ ಬಿದ್ದಿತು. ರೆಫರಿಯು ಗೋಲೆಂದು ತೀರ್ಪಿತ್ತನು.

ತರುವಾಯ ನಡೆದುದನ್ನು ನಮ್ಮ ದೇಶದ ಕಾಲ್ಚೆಂಡಾಟದವರು ಬಹುಕಾಲ ಮರೆಯಲಾರರು. ಕೇರಳ ತಂಡದವರು ರೆಫರಿಯನ್ನು ಸುತ್ತುವರಿದು ವಾದಿಸಿದರು. ಫಲಕಾರಿಯಾಗಲಿಲ್ಲ. ಅವರ ತರಬೇತಿದಾರನಾದ ಸರ್ಬಿಯಾ ದೇಶದ ಇವಾನ್ ವುಕೊಮಾನೊವಿಚ್ ಎಂಬಾತನು ಬಯಲಿಗೆ ಬಂದು ತನ್ನ ಆಟಗಾರರೆಲ್ಲರನ್ನೂ ಹೊರಕ್ಕೆ ಕರೆದುಕೊಂಡುಹೋದನು. ಬೆಂಗಳೂರಿನವರು ಬಯಲಿನಲ್ಲಿಯೇ ಉಳಿದರು. ಕೆಲಹೊತ್ತು ಕಾದು, ಎದುರಾಳಿಗಳು ಮರಳಿ ಬಾರದಿರಲು, ಪಂದ್ಯವನ್ನು ಬೆಂಗಳೂರು ಗೆದ್ದಿತೆಂದು ಸಾರಲಾಯಿತು.

ಅತ್ತ ಪಡಸಾಲೆಯಲ್ಲಿ ಏನಾಯಿತೆಂಬುದನ್ನು ನಾವು ಮರುದಿನ ತಿಳಿದೆವು. ನೀಲಿ ಅಂಗಿಯ ಹುಡುಗನು ಕುಣಿದನಂತೆ. ಹಳದಿ ಅಂಗಿಯವನು “ಕಳ್ಳ ಗೋಲು” ಎಂದನಂತೆ. “ಓಡಿಹೋದವರು ನಿಮ್ಮವರು” ಎಂದು ಇವನು ಹೇಳಲು, “ನಮ್ಮ ಮನೆಯಿಂದ ಆಚೆಗೆ ನಡೆ” ಎಂದು ಅವನು ಹೇಳಿದನಂತೆ. ಶನಿವಾರ ಬೆಳಿಗ್ಗೆ ಚೆಂಡು ಹಿತ್ತಿಲಿನಲ್ಲಿ ಒಂಟಿಯಾಗಿ ಬಿದ್ದಿತ್ತು. ಟೀವಿಯು ಆ ಗೋಲನ್ನು ಮತ್ತೆ ಮತ್ತೆ ತೋರಿಸಿದ್ದಿತು. ಪ್ರತಿಸಲ ನೋಡಿದಾಗಲೂ ಇಬ್ಬರಿಗೂ ತಮ್ಮ ತಮ್ಮ ನಿಶ್ಚಯವೇ ಬಲವಾಯಿತೆಂಬುದು ವಿಚಿತ್ರವಾದರೂ ನಿಜ.

ನೀಲಿ ಅಂಗಿಯವನ ಅಜ್ಜಿಗೆ ಎಂಬತ್ತು ಸಮೀಪಿಸಿದ ವಯಸ್ಸು. ಕಾಲ್ಚೆಂಡಾಟದ ಗಂಧವಿಲ್ಲದವರು. ನೆರೆಯ ಹುಡುಗನೂ ಅವರನ್ನು ಅಜ್ಜಿಯೆಂದೇ ಕರೆಯುವುದು. ಅವರು ಇಬ್ಬರನ್ನೂ ಜಗುಲಿಗೆ ಕರೆಯಿಸಿ ಕೇಳಿದುದು ಒಂದೇ ಪ್ರಶ್ನೆ. “ಅದಿರಲಿ ಕಂದಾ, ಒದೆಯುವುದಕ್ಕೆ ಮುಂಚೆ ಸೀಟಿ ಊದಲೇಬೇಕೆಂದು ಕಟ್ಟಳೆಯಿದೆಯೋ, ಇಲ್ಲವೋ?” ಊದಲೇಬೇಕು ಎಂದು ಒಬ್ಬನು, ಬೇಕಿಲ್ಲ ಎಂದು ಇನ್ನೊಬ್ಬನು. ಯಾವ ಪುಸ್ತಕದಲ್ಲಿ ಹಾಗಿದೆ ಎಂದು ಕೇಳಿದರೆ ಇಬ್ಬರೂ ಸುಮ್ಮನಾದರು. ರಾತ್ರಿಯೆಲ್ಲ ಹೊಡೆದಾಡಿದವರಿಬ್ಬರಿಗೂ ಕಟ್ಟಳೆಯೇನೆಂಬುದೇ ತಿಳಿಯದು!

ಕಟ್ಟಳೆಯು ಹೀಗಿದೆ. ಫ್ರೀಕಿಕ್ ಎಂಬುದು ತಪ್ಪಿಗೆ ಗುರಿಯಾದ ತಂಡಕ್ಕೆ ಕೊಡುವ ಪರಿಹಾರ. ಆದಕಾರಣ ಅವರು ಇಷ್ಟಪಟ್ಟರೆ ಚೆಂಡನ್ನು ನಿಲ್ಲಿಸಿ ತಡಮಾಡದೆ ಒದೆಯಬಹುದು. ಅದಕ್ಕೆ ಸೀಟಿ ಅಗತ್ಯವಿಲ್ಲ. ಎದುರಾಳಿಗಳು ೯.೧೫ ಮೀಟರು, ಎಂದರೆ ೧೦ ಗಜ, ದೂರ ಸರಿಯಬೇಕೆಂಬ ನಿಯಮವುಂಟು. ಆದರೆ ಆ ದೂರವು ಒದೆಯುವವರ ಅನುಕೂಲಕ್ಕಾಗಿ ಏರ್ಪಟ್ಟದ್ದು. ತಡೆಯುವವರು ಗೋಡೆ ಕಟ್ಟಿಕೊಳ್ಳುವವರೆಗೆ ಕಾಯಬೇಕೆಂದು ಎಲ್ಲಿಯೂ ಹೇಳಿಲ್ಲ. ಆದಾಗ್ಯೂ ರೆಫರಿಯು “ನನ್ನ ಸೀಟಿಗಾಗಿ ಕಾದಿರು” ಎಂದು ಒಮ್ಮೆ ಸನ್ನೆಮಾಡಿದನೆಂದರೆ, ಆಮೇಲೆ ಸೀಟಿಯಿಲ್ಲದೆ ಒದೆಯಕೂಡದು. ಹಾಗಾದರೆ ಆ ರಾತ್ರಿಯ ವಿವಾದವೆಲ್ಲ ಸೀಟಿಯನ್ನು ಕುರಿತದ್ದಲ್ಲ. ಅದಕ್ಕೆ ಮೊದಲು ರೆಫರಿಗೂ ಆಟಗಾರನಿಗೂ ನಡುವೆ ಏನು ನಡೆಯಿತೆಂಬುದನ್ನು ಕುರಿತದ್ದು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದೆನೆಂದು ಛೇತ್ರಿಯು ಆಟ ಮುಗಿದಮೇಲೆ ಹೇಳಿದನು. ಎದುರಾಳಿಗಳು ಸಿದ್ಧರಾಗುವುದಕ್ಕೆ ಅವಕಾಶ ಕೊಟ್ಟಂತೆ ತೋರಿಸಿ ಗೋಲನ್ನು ಒಪ್ಪಿದ್ದು ತಪ್ಪೆಂಬುದು ಕೇರಳದವರ ವಾದ. ಆ ಮಾತುಗಳು ನಡೆದುದು ಬಯಲಿನ ನಡುವೆ. ಟೀವಿಯ ಮುಂದೆ ಕುಳಿತವರಿಗಾಗಲಿ, ಮೆಟ್ಟಿಲುಗಳ ಮೇಲೆ ಕುಳಿತ ಸಾವಿರಾರು ಜನರಿಗಾಗಲಿ ಅವು ಕೇಳಿಸಲಿಲ್ಲ.

ನೋಡುಗನ ಸಂಕಟಕ್ಕೆ ಮೂಲವಿರುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ಅನ್ಯಾಯವಾಯಿತೆಂದು ಆಟಗಾರನಿಗೆ ತೋರಿದರೆ ಅವನು ಮುಂದಿನ ಗಳಿಗೆಯಲ್ಲಿ ಇಮ್ಮಡಿ ಬಲದಿಂದ ಓಡಿ ಇನ್ನೊಂದು ಗೋಲು ಹೊಡೆಯಬಹುದು. ತರಬೇತಿದಾರನು ದೂರು ಬರೆಯಬಹುದು. ನೋಡುಗನಿಗಾದರೋ ಗಂಟಲೊಂದೇ ಆಯುಧ. ಹಣ ಕೊಟ್ಟು ಬಂದವನು, ತಂಡದ ಬಣ್ಣದ ಅಂಗಿ ತೊಟ್ಟವನು, ವರ್ಷಗಟ್ಟಲೆ ಆ ತಂಡದ ಸೋಲುಗೆಲುವುಗಳನ್ನು ತನ್ನದೆಂದು ತಿಳಿದವನು, ತೀರ್ಪಿನ ಗಳಿಗೆಯಲ್ಲಿ ಮಾತ್ರ ಹೊರಗಿನವನಾಗಿಬಿಡುತ್ತಾನೆ. ಯಾರೂ ಅವನಿಗೆ ಕಾರಣವನ್ನು ತಿಳಿಸುವುದಿಲ್ಲ. ಪ್ರೀತಿ ಪೂರ್ತಿಯಾಗಿದ್ದು ಅಧಿಕಾರ ಲವಲೇಶವೂ ಇಲ್ಲದಿರುವಲ್ಲಿ ಹುಟ್ಟುವ ಕೋಪವು ಸಣ್ಣದಲ್ಲ. ಅದನ್ನು ಹುಚ್ಚೆಂದು ಹೇಳಿ ನಗುವವರು, ಮಗುವಿನ ಪರೀಕ್ಷೆಯ ಫಲಿತಾಂಶಕ್ಕಾಗಿ ಶಾಲೆಯ ಬಾಗಿಲಿನ ಹೊರಗೆ ನಿಂತ ತಾಯ್ತಂದೆಗಳನ್ನು ಒಮ್ಮೆ ನೆನೆಯಬೇಕು.

ಆದರೆ ಕಣ್ಣಿಗೆ ಕಂಡದ್ದೆಲ್ಲ ನಿಜವೆಂದು ಸಾಧಿಸುವುದೂ ಸರಿಯಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರಷ್ಟೆ. ಇದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗವು ಒಳ್ಳೆಯ ಸಾಕ್ಷಿಯಾಗಿದೆ. ೧೯೫೧ನೆಯ ಇಸವಿಯಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಎಂಬ ಎರಡು ವಿದ್ಯಾಲಯಗಳಿಗೆ ಆ ದೇಶದ ರೀತಿಯ ಫುಟ್‌ಬಾಲ್ ಪಂದ್ಯವೊಂದು ನಡೆದು, ಬಹಳ ಹೊಡೆದಾಟವಾಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಆ ಪಂದ್ಯದ ಚಲಚ್ಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತುಹಾಕುವಂತೆ ಹೇಳಿದರು. ಚಿತ್ರವು ಒಂದೇ. ಆದರೂ ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳ ಕಣ್ಣಿಗೆ, ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಿಗೆ ಕಂಡುದಕ್ಕಿಂತ ಎರಡರಷ್ಟಕ್ಕೂ ಹೆಚ್ಚಾಗಿ ಕಂಡುವು. ಈ ಫಲಿತಾಂಶವು ೧೯೫೪ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಸುಳ್ಳು ಹೇಳಿದವರಲ್ಲ. ಮನಸ್ಸು ಎತ್ತ ವಾಲಿದೆಯೋ ಕಣ್ಣೂ ಅತ್ತಲೇ ವಾಲುತ್ತದೆ, ಅಷ್ಟೆ. ನಮ್ಮ ಬೀದಿಯ ಹುಡುಗರೂ ಅದೇ ಮರುತೋರಿಕೆಯನ್ನು ನೋಡಿ ನೋಡಿ ಇನ್ನಷ್ಟು ದೂರವಾದುದರ ಗುಟ್ಟು ಇದೇ.

ಇನ್ನು ಬಯಲನ್ನು ಬಿಟ್ಟು ಹೊರಟುಹೋದ ವಿಚಾರ. ಆ ತಂಡವು ಕೊಚ್ಚಿಗೆ ಮರಳಿದಾಗ ಅಭಿಮಾನಿಗಳು ತರಬೇತಿದಾರನನ್ನು ಜಯಕಾರದಿಂದ ಎದುರುಗೊಂಡರು. ತಮಗಾಗಿ ಒಬ್ಬನಾದರೂ ಏನನ್ನೋ ಮಾಡಿದನೆಂಬ ತೃಪ್ತಿ ಅವರದು. ಅದು ಅರ್ಥವಾಗತಕ್ಕದ್ದೇ. ಆದರೆ ಫಲವೇನಾಯಿತು? ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದವರ ಕೋರಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿಯು ತಳ್ಳಿಹಾಕಿತು. ಆಟದ ಘಟನೆಗಳನ್ನು ಕುರಿತ ರೆಫರಿಯ ನಿರ್ಣಯವೇ ಅಂತಿಮವೆಂಬುದು ಈ ಆಟದ ಮೂಲನಿಯಮಗಳಲ್ಲಿ ಒಂದು. ಬಯಲು ಬಿಟ್ಟುದಕ್ಕಾಗಿ ಕೇರಳದ ಸಂಘಕ್ಕೆ ೪ ಕೋಟಿ ರೂಪಾಯಿ ದಂಡವನ್ನೂ, ತರಬೇತಿದಾರನಿಗೆ ೧೦ ಪಂದ್ಯಗಳ ನಿಷೇಧ ಹಾಗೂ ೫ ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ಬಹಿರಂಗವಾಗಿ ಕ್ಷಮೆ ಕೇಳದಿದ್ದಲ್ಲಿ ದಂಡವು ೬ ಕೋಟಿಗೂ ೧೦ ಲಕ್ಷಕ್ಕೂ ಏರುವುದೆಂದು ತಿಳಿಸಿತು. ಸಂಘವೂ ತರಬೇತಿದಾರನೂ ಕ್ಷಮೆ ಕೇಳಿದರು. ಹಣದ ಮಾತಿರಲಿ, ಅದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಅವರು ಬಯಲು ಬಿಟ್ಟಾಗ ಹೆಚ್ಚುವರಿ ಅವಧಿಯ ಬಹುಭಾಗವು ಇನ್ನೂ ಉಳಿದಿತ್ತು. ಇನ್ನೊಂದು ಗೋಲಿಗೆ ಅವಕಾಶವಿತ್ತು. ಆ ಅವಕಾಶವನ್ನು ಅವರಿಂದ ಕಸಿದುಕೊಂಡವನು ರೆಫರಿಯಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತದಲ್ಲಿ ಬಾರದು.

ಕಥೆ ಇಲ್ಲಿಗೆ ಮುಗಿದಿದ್ದರೆ ನೀಲಿ ಅಂಗಿಯ ಹುಡುಗನು ಗೆದ್ದನೆಂದು ಹೇಳಿ ನಾವೂ ಮುಗಿಸಬಹುದಾಗಿತ್ತು. ಆದರೆ ಹದಿನೈದೇ ದಿನಗಳಲ್ಲಿ ಚಕ್ರವು ತಿರುಗಿತು. ಬೆಂಗಳೂರು ತಂಡವು ಉಪಾಂತ್ಯದಲ್ಲಿ ಮುಂಬಯಿಯನ್ನು ಗೆದ್ದು, ಮಾರ್ಚಿ ೧೮ನೆಯ ತಾರೀಖು ಗೋವೆಯ ಮಡಗಾಂವಿನಲ್ಲಿ ಎ.ಟಿ.ಕೆ. ಮೋಹನ್ ಬಾಗಾನ್ ತಂಡದ ಎದುರಿಗೆ ಅಂತಿಮ ಪಂದ್ಯಕ್ಕೆ ನಿಂತಿತು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಬೆಂಗಳೂರು ೨-೧ರಿಂದ ಮುಂದಿದ್ದಿತು. ಆಗ ಎದುರಾಳಿಗಳಿಗೆ ಒಂದು ಪೆನಾಲ್ಟಿ ದೊರೆಯಿತು. ತಡೆ ನಡೆದುದು ಪೆನಾಲ್ಟಿಯ ಗೆರೆಯ ಒಳಗೋ ಹೊರಗೋ ಎಂಬುದೇ ವಾದ. ಗೋಲು ಸಮವಾಯಿತು. ಕೊನೆಗೆ ಪೆನಾಲ್ಟಿ ಒದೆತಗಳ ಸರದಿಯಲ್ಲಿ ೪-೩ರಿಂದ ಬೆಂಗಳೂರು ಸೋತಿತು. ಇಂತಹ ತೀರ್ಪುಗಳು ದೊಡ್ಡ ಪಂದ್ಯಗಳನ್ನು ಹಾಳುಮಾಡುತ್ತವೆ, ಯಂತ್ರದ ನೆರವು ಬಂದೇ ತೀರಬೇಕು ಎಂದು ಬೆಂಗಳೂರು ಸಂಘದ ಒಡೆಯರೇ ಬಹಿರಂಗವಾಗಿ ಹೇಳಿದರು. ಹದಿನೈದು ದಿನಗಳ ಹಿಂದೆ ರೆಫರಿಯ ಮಾತೇ ವೇದವೆಂದಿದ್ದ ನಮ್ಮ ನೀಲಿ ಅಂಗಿಯವನು ಆ ರಾತ್ರಿ ಊಟ ಮಾಡದೆ ಮಲಗಿದನು.

ನಾಲ್ಕು ದಿನಗಳ ಮೇಲೆ, ಮಾರ್ಚಿ ೨೨ರಂದು, ಯುಗಾದಿ. ಅಜ್ಜಿ ಬೇವುಬೆಲ್ಲದ ಬಟ್ಟಲನ್ನು ಮೊಮ್ಮಗನ ಕೈಗೆ ಕೊಟ್ಟು ನೆರೆಮನೆಗೆ ಕಳುಹಿಸಿದರು. ಹುಡುಗನು ಮೊದಲು ಒಲ್ಲೆನೆಂದನು. ಪ್ರತಿವರ್ಷವೂ ತಾನೇ ಕೊಂಡೊಯ್ಯುತ್ತಿದ್ದುದನ್ನು ನೆನೆದು ಬಳಿಕ ಹೋದನು. ಬಾಗಿಲು ತೆರೆದವನು ಹಳದಿ ಅಂಗಿಯವನೇ. ಅವನು ಹಾಸ್ಯಮಾಡುವನೆಂದು ಇವನು ಕಾದನು. ಅವನು ಹಾಸ್ಯಮಾಡಲಿಲ್ಲ. “ಆ ಪೆನಾಲ್ಟಿ ಕೊಡಬಾರದಿತ್ತು ಕಣೋ” ಎಂದನು. ಇಷ್ಟೇ ಮಾತು. ಇಬ್ಬರೂ ಕೂಡಿ ಜಗುಲಿಗೆ ಬಂದರು. ಮಾರ್ಚಿ ೩ರ ಗೋಲಿನ ವಿಷಯದಲ್ಲಿ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದರೆಂದು ಮಾತ್ರ ವಾಚಕರು ತಿಳಿಯಬಾರದು. ಇಂದಿಗೂ ಬಂದಿಲ್ಲ.

ಆಗ ಅಜ್ಜಿ ಹೇಳಿದ ಒಂದು ಸಂಗತಿಯೇ ಈ ಲೇಖನಕ್ಕೆ ಕಾರಣ. “ನಿಮ್ಮಪ್ಪ ಏಳು ವರ್ಷದವನಿದ್ದಾಗ ಡಬ್ಬಿಯಲ್ಲಿದ್ದ ಚಕ್ಕುಲಿ ಕಾಣೆಯಾಯಿತು. ಅವನೇ ತಿಂದನೆಂದು ಎರಡು ಏಟು ಕೊಟ್ಟೆ. ಎರಡು ದಿನದ ಮೇಲೆ ಗೊತ್ತಾಯಿತು, ತಿಂದದ್ದು ಅವನಲ್ಲ. ಆದರೂ ಅವನಿಗೆ ನಾನು ಹೇಳಲಿಲ್ಲ. ದೊಡ್ಡವಳು ನಾನು, ಮಗುವಿನ ಮುಂದೆ ತಪ್ಪೊಪ್ಪಿಕೊಳ್ಳುವುದೇ ಎಂದು ಸುಮ್ಮನಿದ್ದೆ. ಈಗ ಅವನಿಗೆ ಐವತ್ತು ದಾಟಿದೆ. ಇನ್ನೂ ನೆನಪಿಟ್ಟಿದ್ದಾನೆ. ಏಟನ್ನಲ್ಲ, ನಾನು ಹೇಳದೆ ಇದ್ದುದನ್ನು.”

ಈ ಮಾತನ್ನು ಕೇಳಿದಂದಿನಿಂದ ಆಟದ ವಿವಾದಗಳನ್ನು ನಾವು ಬೇರೆ ದೃಷ್ಟಿಯಿಂದ ನೋಡುವಂತಾಗಿದೆ. ಸೋತವನು ಕೇಳುವುದು ಯಾವಾಗಲೂ ಗೆಲುವನ್ನೇ ಅಲ್ಲ. “ನಿನಗಾದ ನೋವು ನನಗೆ ಕಂಡಿದೆ, ಹೀಗೇಕೆ ಆಯಿತೆಂಬುದನ್ನು ಹೇಳುತ್ತೇನೆ” ಎಂಬ ಮಾತನ್ನು ಅವನು ಕೇಳುತ್ತಾನೆ. ಅದು ಬಾರದಿದ್ದರೆ ಗಾಯವು ಒಳಗೇ ಉಳಿಯುತ್ತದೆ.

೧೯೬೬ನೆಯ ಇಸವಿ ಜುಲೈ ೩೦ರಂದು ಲಂಡನ್ನಿನ ವೆಂಬ್ಲಿಯಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಇಂಗ್ಲೆಂಡಿನ ಜೆಫ್ ಹರ್ಸ್ಟ್ ಒದ್ದ ಚೆಂಡು ಗೋಲಿನ ಮೇಲಡ್ಡಕ್ಕೆ ತಗಲಿ ಕೆಳಗೆ ಬಿದ್ದು ಹೊರಕ್ಕೆ ಚಿಮ್ಮಿತು. ಅದು ಪೂರ್ತಿಯಾಗಿ ಗೆರೆ ದಾಟಿತೇ? ಸ್ವಿಟ್ಸರ್ಲೆಂಡಿನ ರೆಫರಿಯು ಅಜರ್ಬೈಜಾನಿನವನಾದ ಲೈನ್ಸ್‌ಮನ್ನನನ್ನು ಕೇಳಿ ಗೋಲನ್ನು ಕೊಟ್ಟನು. ಪಶ್ಚಿಮ ಜರ್ಮನಿಯು ೪-೨ರಿಂದ ಸೋತಿತು. ಮೇಲಡ್ಡಕ್ಕೆ ತಗಲಿ ಕೆಳಗೆ ಬೀಳುವ ಅಂತಹ ಚೆಂಡಿಗೆ ಇಂದಿಗೂ ಜರ್ಮನರು ‘ವೆಂಬ್ಲಿ ಗೋಲು’ ಎಂದೇ ಹೇಳುತ್ತಾರೆ. ೪೪ ವರ್ಷಗಳ ಮೇಲೆ, ೨೦೧೦ನೆಯ ಇಸವಿ ಜೂನ್ ೨೭ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನಿನಲ್ಲಿ ಅದೇ ಎರಡು ದೇಶಗಳ ನಡುವಣ ವಿಶ್ವಕಪ್ಪಿನ ಪಂದ್ಯದಲ್ಲಿ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಒದ್ದ ಚೆಂಡು ಸ್ಪಷ್ಟವಾಗಿಯೇ ಗೆರೆ ದಾಟಿತು. ರೆಫರಿಯು ಗೋಲನ್ನು ಕೊಡಲಿಲ್ಲ. ಈ ಸಲ ಇಂಗ್ಲೆಂಡು ೪-೧ರಿಂದ ಸೋತಿತು. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷನು ಇಂಗ್ಲೆಂಡಿನವರ ಕ್ಷಮೆ ಕೋರಿದನು. ೨೦೧೨ರಲ್ಲಿ ಚೆಂಡು ಗೆರೆ ದಾಟಿತೇ ಎಂಬುದನ್ನು ತಿಳಿಸುವ ಯಂತ್ರಕ್ಕೆ ಒಪ್ಪಿಗೆ ದೊರೆಯಿತು.

ಯಂತ್ರವು ಬಂದಮೇಲೆ ಜಗಳ ತೀರಬೇಕಷ್ಟೆ? ಅದೂ ತೀರಲಿಲ್ಲ. ಪಂದ್ಯದ ಚಿತ್ರಗಳನ್ನು ಬೇರೆ ಕೋಣೆಯಲ್ಲಿ ಕುಳಿತು ಪರಿಶೀಲಿಸಿ ರೆಫರಿಗೆ ಸೂಚಿಸುವ ವಿ.ಎ.ಆರ್. ಎಂಬ ಏರ್ಪಾಡು ೨೦೧೮ರಲ್ಲಿ ಆಟದ ನಿಯಮಗಳೊಳಕ್ಕೆ ಸೇರಿತು. ೨೦೨೩ರ ಸೆಪ್ಟೆಂಬರ್ ೩೦ರಂದು ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್ ತಂಡಗಳ ಪಂದ್ಯದಲ್ಲಿ ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಹೊಡೆದ ಗೋಲನ್ನು ಆಫ್‌ಸೈಡೆಂದು ರದ್ದುಮಾಡಲಾಯಿತು. ಕೋಣೆಯಲ್ಲಿದ್ದವರು ಚಿತ್ರವನ್ನು ನೋಡಿ ಅದು ಸರಿಯಾದ ಗೋಲೆಂದು ಕಂಡುಕೊಂಡರು. ಆದರೆ ಬಯಲಿನಲ್ಲಿಯೂ ಗೋಲೆಂದೇ ತೀರ್ಪಾಗಿದೆಯೆಂದು ತಪ್ಪಾಗಿ ತಿಳಿದು “ಪರಿಶೀಲನೆ ಮುಗಿಯಿತು” ಎಂದುಬಿಟ್ಟರು. ಆಟವು ಮತ್ತೆ ಆರಂಭವಾಯಿತು. ಕೂಡಲೆ ತಪ್ಪು ತಿಳಿದರೂ, ಆಟ ಮತ್ತೆ ಆರಂಭವಾದಮೇಲೆ ಹಿಂದಿನ ತೀರ್ಪನ್ನು ಬದಲಿಸಲು ನಿಯಮವು ಅವಕಾಶವೀಯುವುದಿಲ್ಲ. ಲಿವರ್‌ಪೂಲ್ ೨-೧ರಿಂದ ಸೋತಿತು. ನೋಡಲು ಕಣ್ಣು ಸಾಲದುದರಿಂದ ಆದ ತಪ್ಪಲ್ಲ ಇದು. ಇಬ್ಬರ ನಡುವೆ ಮಾತು ತಪ್ಪಿದುದರಿಂದ ಆದುದು. ಯಂತ್ರವು ಚಿತ್ರವನ್ನು ತೋರಿಸಬಲ್ಲದು, ಮಾತಾಡುವವರು ಮನುಷ್ಯರೇ.

ಆದರೂ ಈ ಪ್ರಸಂಗದಲ್ಲಿ ಮೆಚ್ಚತಕ್ಕ ಒಂದಂಶವುಂಟು. ರೆಫರಿಗಳ ಸಂಸ್ಥೆಯು ಅದೇ ರಾತ್ರಿ ದೊಡ್ಡ ತಪ್ಪಾಯಿತೆಂದು ಒಪ್ಪಿಕೊಂಡಿತು. ಕೆಲವು ದಿನಗಳಲ್ಲಿ ಕೋಣೆಯೊಳಗಿನವರು ಆಡಿದ ಮಾತುಗಳ ಧ್ವನಿಮುದ್ರಣವನ್ನೇ ಎಲ್ಲರಿಗೂ ಕೇಳಿಸಿತು. ಗೋಲು ಮರಳಲಿಲ್ಲ, ಅಂಕಗಳೂ ಮರಳಲಿಲ್ಲ. ಆದರೆ ಅಭಿಮಾನಿಗಳು ಕೇಳಿದ ಆ ಮಾತುಗಳಲ್ಲಿ ಸಂಚಿರಲಿಲ್ಲ. ತಪ್ಪು ಮಾಡಿ ತಬ್ಬಿಬ್ಬಾದ ಮನುಷ್ಯರ ದನಿಯಿತ್ತು. ಸಂಚೆಂಬ ಸಂಶಯಕ್ಕೆ ಮೌನದಲ್ಲಿ ಬೆಳೆಯುವಷ್ಟು ಸುಲಭವಾಗಿ ಮಾತಿನಲ್ಲಿ ಬೆಳೆಯಲು ಸಾಧ್ಯವಿಲ್ಲ. ಕಂಠೀರವದ ಆ ರಾತ್ರಿ ರೆಫರಿಯೂ ಆಟಗಾರನೂ ಆಡಿದ ಮಾತುಗಳು ಹೀಗೆಯೇ ಎಲ್ಲರಿಗೂ ಕೇಳಿಸಿದ್ದರೆ, ಎರಡೂ ಕಡೆಯವರ ಮನಸ್ಸು ಎಷ್ಟೋ ಹಗುರವಾಗುತ್ತಿತ್ತೆಂದು ನಮ್ಮ ನಂಬಿಕೆ.

ಕೊನೆಯದಾಗಿ ಇನ್ನೊಂದು ಪಂದ್ಯ. ೨೦೨೪ನೆಯ ಇಸವಿ ಜೂನ್ ೧೧ರಂದು ದೋಹಾ ಪಟ್ಟಣದಲ್ಲಿ ಭಾರತಕ್ಕೂ ಕತಾರಿಗೂ ವಿಶ್ವಕಪ್ಪಿನ ಅರ್ಹತೆಯ ಪಂದ್ಯ. ಛಾಂಗ್ಟೆಯ ಗೋಲಿನಿಂದ ಭಾರತವು ಮುಂದಿದ್ದಿತು. ೭೩ನೆಯ ನಿಮಿಷದಲ್ಲಿ ಚೆಂಡು ಗೋಲಿನ ಪಕ್ಕದ ಗೆರೆಯನ್ನು ದಾಟಿ ಹೊರಗೆ ಹೋಯಿತು. ಕತಾರಿನ ಆಟಗಾರನು ಅದನ್ನು ಒಳಕ್ಕೆಳೆದನು. ಇನ್ನೊಬ್ಬನು ಗೋಲು ಹೊಡೆದನು. ರೆಫರಿಯು ಗೋಲೆಂದನು. ಅಲ್ಲಿ ವಿ.ಎ.ಆರ್. ಇರಲಿಲ್ಲ. ನಮ್ಮವರು ಪ್ರತಿಭಟಿಸಿದರು, ಪ್ರಯೋಜನವಾಗಲಿಲ್ಲ. ಆದರೆ ಅವರು ಬಯಲು ಬಿಡಲಿಲ್ಲ. ಕೊನೆಯ ಸೀಟಿಯವರೆಗೂ ಆಡಿದರು. ೨-೧ರಿಂದ ಸೋತು, ಆ ವಿಶ್ವಕಪ್ಪಿನ ಹಾದಿಯಿಂದ ಹೊರಬಿದ್ದರು. ಒಕ್ಕೂಟವು ಅಂತರರಾಷ್ಟ್ರೀಯ ಸಂಸ್ಥೆಗೆ ದೂರು ಕೊಟ್ಟಿತು. ಫಲಿತಾಂಶವು ಬದಲಾಗಲಿಲ್ಲ.

ಆ ರಾತ್ರಿ ಎರಡು ಮನೆಗಳ ಹುಡುಗರೂ ಮತ್ತೆ ಅದೇ ಪಡಸಾಲೆಯಲ್ಲಿದ್ದರು. ಈ ಸಲ ನೀಲಿಯಿಲ್ಲ, ಹಳದಿಯಿಲ್ಲ. ಕೋಪವು ಮಾತ್ರ ಇಬ್ಬರದೂ ಒಂದೇ. ಬಹಳ ಹೊತ್ತಿನವರೆಗೆ ಕಾಂಪೌಂಡು ಗೋಡೆಯ ಮೇಲೆ ಕುಳಿತು ಬಯ್ದರು. ಕಡೆಗೆ ಹಳದಿ ಅಂಗಿಯವನೇ, “ಆದರೂ ನಮ್ಮವರು ಆಟ ಬಿಟ್ಟು ಹೋಗಲಿಲ್ಲ, ನೋಡಿದೆಯಾ?” ಎಂದನಂತೆ. ಇದನ್ನು ಅವನ ಬಾಯಲ್ಲಿ ಕೇಳಿ ನೀಲಿ ಅಂಗಿಯವನಿಗೆ ನಗು ಬಂದರೂ ನಗಲಿಲ್ಲವಂತೆ. ಒಂದೂಕಾಲು ವರ್ಷದಲ್ಲಿ ಹುಡುಗರು ಕಲಿತ ಪಾಠವು ಇದಕ್ಕಿಂತ ಹೆಚ್ಚಿನದಿರಲಾರದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಗುವು “ಅನ್ಯಾಯ” ಎಂದು ಅಳುತ್ತ ಬಂದರೆ, ಆಟವೆಂದು ತಳ್ಳಿಹಾಕದೆ ಮೊದಲು ಕಟ್ಟಳೆಯೇನೆಂಬುದನ್ನು ಅವನೊಡನೆ ಕುಳಿತು ತಿಳಿಯಿರಿ. ಕಟ್ಟಳೆ ತಿಳಿದ ಬಳಿಕವೂ ತೀರ್ಪು ತಪ್ಪೆಂದು ತೋರಿದರೆ, ಹಾಗೆ ಹೇಳುವುದಕ್ಕೆ ಅವನಿಗೆ ಹಕ್ಕುಂಟೆಂಬುದನ್ನು ಒಪ್ಪಿರಿ. ತೀರ್ಪಿಗೆ ತಲೆಬಾಗುವುದು ಬೇರೆ. ತೀರ್ಪು ಸರಿಯೆಂದು ಒಪ್ಪುವುದು ಬೇರೆ. ಮೊದಲನೆಯದಿಲ್ಲದೆ ಆಟವು ಸಾಗದು. ಎರಡನೆಯದನ್ನು ಯಾರಿಂದಲೂ ಬಲಾತ್ಕಾರವಾಗಿ ಪಡೆಯಲಾಗದು, ಪಡೆಯಲೂ ಬಾರದು.

ಇನ್ನು ನಮ್ಮ ನಮ್ಮ ಮನೆಗಳಲ್ಲಿ ಸೀಟಿ ಹಿಡಿದಿರುವವರು ನಾವೇ. ದಿನಕ್ಕೆ ಹತ್ತು ತೀರ್ಪುಗಳನ್ನು ಕೊಡುತ್ತೇವೆ. ಅವುಗಳಲ್ಲಿ ಒಂದೆರಡಾದರೂ ತಪ್ಪುವುವು. ಬಯಲಿನ ರೆಫರಿಗೆ ಆಟ ಮತ್ತೆ ಆರಂಭವಾದಮೇಲೆ ತೀರ್ಪನ್ನು ತಿದ್ದುವ ಅಧಿಕಾರವಿಲ್ಲ. ನಮಗೆ ಅಂತಹ ಕಟ್ಟು ಯಾವುದೂ ಇಲ್ಲ. ಅಜ್ಜಿ ಆ ಯುಗಾದಿಯ ಸಂಜೆ, ಮಗನು ಕೆಲಸದಿಂದ ಮನೆಗೆ ಬಂದಾಗ, ನಲವತ್ತು ವರ್ಷಗಳಿಗೂ ಹಿಂದಿನ ಚಕ್ಕುಲಿಯ ವಿಷಯವನ್ನು ಅವನಿಗೆ ತಾವಾಗಿಯೇ ಹೇಳಿದರೆಂದು ಕೇಳಿದ್ದೇವೆ. ಅವರು ಏನು ಹೇಳಿದರು, ಮಗನು ಏನೆಂದನು ಎಂಬುದು ಆ ಮನೆಯವರಿಗೆ ಸೇರಿದ್ದು. ಮರುದಿನ ಅಜ್ಜಿ ಹೊಸದಾಗಿ ಚಕ್ಕುಲಿ ಮಾಡಿದರೆಂಬುದನ್ನು ಮಾತ್ರ ನಾವು ಬಲ್ಲೆವು. ಎರಡು ಮನೆಗಳಿಗೂ ಬಂದಿತು, ನಮ್ಮ ಮನೆಗೂ ಬಂದಿತು.